ಪಾದಚಾರಿಗಳು ಹದಿನಾಲ್ಕು

ಚೇತನ್‌ಕುಮಾರ್ ಆ ಹಾಳೆಯನ್ನು ತುಂಬಿದ್ದು ರಸ್ತೆಯ ಪಕ್ಕದಲ್ಲಿ ಕುಳಿತಲ್ಲ. ಹಿರಿಯೂರಿನ ತನ್ನ ಬಾಡಿಗೆ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿಕೊಂಡು.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವನು. ರಸ್ತೆ ಕೆಲಸ ನೋಡುವ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಆರು ವರ್ಷವಾಗಿತ್ತು. ಹಿರಿಯೂರಿನಿಂದ ಬಬ್ಬೂರಿನ ಕಡೆಗೆ ಹೋಗುವ ರಸ್ತೆಯೊಂದನ್ನು ಅಗಲ ಮಾಡುವ ಮಾತು ಆಗ ನಡೆದಿತ್ತು. ಅಂದಾಜು ಪಟ್ಟಿ ಮಾಡುವ ಮುಂಚೆ ಮೂರು ದಿನ ರಸ್ತೆಯ ಬದಿಯಲ್ಲಿ ಕುಳಿತು, ಎಷ್ಟು ಲಾರಿ ಹೋಯಿತು, ಎಷ್ಟು ಬಸ್ಸು, ಎಷ್ಟು ಸೈಕಲ್ಲು, ಎಷ್ಟು ಜನ ನಡೆದರು ಎಂದು ಎಣಿಸಿ ಬರೆಯಬೇಕು. ಆ ಕೆಲಸಕ್ಕೆ ಅವನ ಕೈಕೆಳಗೆ ಮುರುಗಪ್ಪ ಎಂಬ, ರಸ್ತೆ ರಿಪೇರಿ ಮಾಡುವ ಹಳೆಯ ಗ್ಯಾಂಗ್‌ಮನ್‌ನನ್ನು ಹಾಕಿದ್ದರು.

ಚೇತನನ ಹೊಸ ಮನೆಯ ಚಾವಣಿಗೆ ಮೋಲ್ಡ್ ಹಾಕಿಸಿದ್ದು ಅದೇ ವಾರ. ಮೋಲ್ಡಿನ ಮೇಲೆ ನೀರು ನಿಲ್ಲಿಸಬೇಕು, ಗೋಡೆಗೆ ಎರಡು ಹೊತ್ತು ನೀರು ಹೊಡೆಯಬೇಕು. ಮೇಸ್ತ್ರಿಯ ಆಳು ಕೈಕೊಟ್ಟಿದ್ದ. ಚೇತನ್ ಮುರುಗಪ್ಪನನ್ನು ಅಲ್ಲಿಗೆ ಕಳಿಸಿದ. "ಎಣಿಸೋದು ನಾನು ನೋಡ್ಕೊಳ್ತೀನಿ, ನೀನು ಪೈಪ್ ಹಿಡಿ" ಅಂದ. ಮುರುಗಪ್ಪ ಹೋದ. ಮೂರನೆಯ ದಿನ ಚೇತನ್ ಹಳೆಯ ಕಡತದಿಂದ ಹಿಂದಿನ ಗಣತಿಯನ್ನು ತೆಗೆದು, ಲಾರಿ, ಕಾರು, ಬೈಕುಗಳಿಗೆ ನೂರಕ್ಕೆ ಹತ್ತರಂತೆ ಏರಿಸಿ ಬರೆದ. ಕೊನೆಯ ಎರಡು ಅಂಕಣಗಳು ಹಳೆಯ ಹಾಳೆಯಲ್ಲಿ ಖಾಲಿಯಿದ್ದವು. ಖಾಲಿ ಬಿಟ್ಟರೆ ಮೇಲಿನವರು ಕೇಳಿಯಾರು ಎನಿಸಿ ಮೂರೂ ದಿನಕ್ಕೆ ಸೈಕಲ್ಲು ಒಂಬತ್ತು, ಪಾದಚಾರಿಗಳು ಹದಿನಾಲ್ಕು ಎಂದು ತುಂಬಿದ. ಹದಿನಾಲ್ಕು ಎಂಬ ಸಂಖ್ಯೆ ತನ್ನ ತಲೆಗೆ ಎಲ್ಲಿಂದ ಬಂತೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಗುರುವಾರ ಶಾಸಕರು ಪ್ರವಾಸಿ ಮಂದಿರದಲ್ಲಿ ಜನರ ಅಹವಾಲು ಕೇಳಲು ಕುಳಿತಿದ್ದರು. ಮೇಲಧಿಕಾರಿ ರಜೆಯಲ್ಲಿದ್ದುದರಿಂದ ಇಲಾಖೆಯ ಪರವಾಗಿ ಚೇತನ್ ಹೋದ. ಪಿಂಚಣಿ, ಪಹಣಿ, ಕುಡಿಯುವ ನೀರು ಎಲ್ಲ ಮುಗಿದು ಶಾಸಕರು ಏಳುವ ಹೊತ್ತಿಗೆ ಹನ್ನೊಂದು ಮಂದಿ ಹೆಂಗಸರು ಒಳಗೆ ಬಂದರು. ತೋಟ, ಹೊಲಗಳಿಗೆ ದಿನಗೂಲಿಗೆ ಹೋಗುವವರು. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮುಂದೆ ಇದ್ದವಳು ಚಂದ್ರಕ್ಕ. ಬಬ್ಬೂರು ರಸ್ತೆಯ ಅಂಚಿನಲ್ಲಿ ನಾಲ್ಕು ತಗಡಿನ ಟೀ ಅಂಗಡಿ ಇಟ್ಟುಕೊಂಡಿದ್ದ, ಐವತ್ತರ ಆಚೆಯ ಹೆಂಗಸು. ಕಂಕುಳಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಸುರುಳಿ ಇತ್ತು.

"ಕುಂತ್ಕಳ್ರಮ್ಮ" ಅಂದರು ಶಾಸಕರು.

ಯಾರೂ ಕೂರಲಿಲ್ಲ. ಚಂದ್ರಕ್ಕ ನಿಂತೇ ಮಾತಾಡಿದಳು. "ರಸ್ತೆ ಅಗಲ ಮಾಡ್ತಾರಂತೆ, ಮಾಡ್ಲಿ ಸಾರ್. ಆದ್ರೆ ರಸ್ತೆ ಅಗಲ ಆದಂಗೆಲ್ಲ ಲಾರಿ ಇನ್ನೂ ಜೋರಾಗಿ ಬತ್ತಾವೆ. ಈಗ್ಲೇ ಲಾರಿ ಬಂದ್ರೆ ನಾವು ಜಾಲಿ ಮುಳ್ಳಿಗೆ ಇಳೀತೀವಿ. ಮಳೆಗಾಲದಾಗೆ ಇಳಿಯಾಕೂ ಜಾಗ ಇರಲ್ಲ. ನೋಡ್ರಿ, ನಮ್ಮ ದುರುಗಕ್ಕನ ಕೈ. ಟಿಪ್ಪರಿನ ಕನ್ನಡಿ ತಗಲಿ ಮುರಿದಿದ್ದು, ಇವತ್ತಿಗೂ ನೆಟ್ಟಗಾಗಿಲ್ಲ. ಶಾಲೆ ಮಕ್ಕಳು ಸೈಕಲ್ ಮ್ಯಾಲೆ ಅದೇ ಲಾರಿ ಸಂದಿಯಾಗೆ ಹೋಗ್ತಾವೆ. ಊರಿನಿಂದ ಕೃಷಿ ಫಾರಂ ಗೇಟಿನ ತನಕ ನಡೆಯೋರಿಗೆ ಒಂದು ಫುಟ್‌ಪಾತು, ಸೈಕಲ್‌ನೋರಿಗೆ ಒಂದು ಪಟ್ಟಿ. ನಮಗೂ ಅಂತ ಒಂದು ಜಾಗ ಇಡ್ರಿ ಅಂತ ಕೇಳಾಕೆ ಬಂದೀವಿ, ಅಷ್ಟೇಯ."

ದುರುಗಕ್ಕ ಸೆರಗಿನ ಕೆಳಗಿನಿಂದ ಕೈ ತೆಗೆದು ತೋರಿಸಿದಳು. ಮೊಣಕೈ ಹತ್ತಿರ ಅದು ಹೊರಕ್ಕೆ ಸೊಟ್ಟಗಾಗಿತ್ತು.

ಶಾಸಕರು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. "ಬಜೆಟ್‌ಗೆ ಮುಂಚೆ ನಾವು ಬೇಡಿಕೆ ಕೊಡಬೇಕಮ್ಮ. ಹಳ್ಳಿ ರಸ್ತೆಗೆ ಫುಟ್‌ಪಾತ್ ಅಂದ್ರೆ ಬೆಂಗಳೂರಾಗೆ ಮೊದ್ಲು ನಗ್ತಾರೆ. ಕೈಯಾಗೆ ಲೆಕ್ಕ ಇದ್ರೆ ನಾನು ವಾದ ಮಾಡಬಹುದು. ಎಷ್ಟು ಜನ ಓಡಾಡ್ತೀರಿ?"

ಇದನ್ನೇ ಕಾಯುತ್ತಿದ್ದವಳಂತೆ ಚಂದ್ರಕ್ಕ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲೆ ಹರವಿದಳು. ಹಾಳೆಯ ಹಿಂಬದಿಯ ತುಂಬ ಇದ್ದಿಲಿನ ಗೀಟುಗಳು, ನಡುನಡುವೆ ಸೊನ್ನೆಗಳು. "ಗೀಟು ಅಂದ್ರೆ ನಡೆಯೋರು, ಸೊನ್ನೆ ಅಂದ್ರೆ ಸೈಕಲ್ಲು. ಅಂಗಡಿ ಮುಂದೆ ಕುಂತು ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಹಾಕೀನಿ. ನಾಲ್ಕು ದಿನ. ಟೀ ಕಾಸೋವಾಗ ಒಂದೆಲ್ಡು ತಪ್ಪಿರಬಹುದು. ದಿನಕ್ಕೆ ನಾನೂರಾ ಎಂಬತ್ತು ಜನ ನಡೀತಾರೆ, ನೂರಾ ಮೂವತ್ತು ಸೈಕಲ್ಲು."

ಶಾಸಕರು ಹುಬ್ಬೇರಿಸಿ ಚೇತನನ ಕಡೆ ತಿರುಗಿದರು. "ಎಂಜಿನಿಯರ್‌ರೇ, ಮೊನ್ನೆ ನೀವೂ ಎಣಿಸಿದ್ರಲ್ಲ. ನಿಮ್ಮದೇನು ಹೇಳ್ತೈತೆ?"

ಚೇತನನ ತೊಡೆಯ ಮೇಲೆ ಕಡತ ಇತ್ತು. ಆ ಕ್ಷಣದಲ್ಲಿ ಅವನು ನೋಡಿ ಹೇಳುತ್ತೇನೆ ಎನ್ನಬಹುದಿತ್ತು, ಇನ್ನೊಮ್ಮೆ ಎಣಿಸುತ್ತೇವೆ ಎನ್ನಬಹುದಿತ್ತು. ಕೋಣೆಯ ತುಂಬ ಅಧಿಕಾರಿಗಳಿದ್ದರು. ಅವನು ಕಡತ ತೆರೆದು ಓದಿದ. "ಸೈಕಲ್ ಒಂಬತ್ತು ಸಾರ್. ಪಾದಚಾರಿಗಳು ಹದಿನಾಲ್ಕು. ಈಗ ಎಲ್ಲರ ಹತ್ರಾನೂ ಬೈಕ್ ಇದೆ."

"ಹದಿನಾಲ್ಕೆಲ್ಲಿ, ನಾನೂರಾ ಎಂಬತ್ತೆಲ್ಲಿ?"

"ನಮ್ಮದು ಪದ್ಧತಿ ಪ್ರಕಾರ ಮಾಡಿದ್ದು ಸಾರ್. ಇವರು ಹೋದೋರನ್ನೇ ಮತ್ತೆ ಮತ್ತೆ ಎಣಿಸಿರಬಹುದು."

ತನ್ನ ದನಿ ಎಷ್ಟು ಸಲೀಸಾಗಿ ಹೊರಬಂತೆಂದು ಅವನಿಗೇ ಆಶ್ಚರ್ಯವಾಯಿತು. ಶಾಸಕರು ನಿಟ್ಟುಸಿರುಬಿಟ್ಟರು. "ಇಲಾಖೆ ಲೆಕ್ಕ ಬಿಟ್ಟು ನಾನು ಹೆಂಗೆ ಕೇಳ್ಲಮ್ಮ? ಮುಂದಿನ ವರ್ಷ ನೋಡಾಣ."

ಹೆಂಗಸರು ಜಗಳ ಮಾಡುತ್ತಾರೆ ಎಂದು ಚೇತನ್ ಮೈ ಬಿಗಿಹಿಡಿದು ಕುಳಿತಿದ್ದ. ಜಗಳ ಆಗಲಿಲ್ಲ. ಚಂದ್ರಕ್ಕ ಹಾಳೆಗಳನ್ನು ಒಂದೊಂದಾಗಿ ಸುರುಳಿ ಸುತ್ತಿದಳು. "ನಾವೇ ತಪ್ಪು ಎಣಿಸಿರಬೇಕು, ನಡೀರಮ್ಮ. ಅವರು ಓದಿದೋರು" ಅಂದಳು. ಬಾಗಿಲ ತನಕ ಹೋದವಳು ತಿರುಗಿ ಚೇತನನನ್ನು ಕೇಳಿದಳು, "ನೀವು ಎಲ್ಲಿ ಕುಂತಿದ್ರಿ ಸಾರ್? ನಾನು ನೋಡ್ಲೇ ಇಲ್ಲ. ನೋಡಿದ್ರೆ ಒಂದು ಲೋಟ ಟೀ ಆದ್ರೂ ಕೊಡ್ತಿದ್ದೆ."

ಅದರಲ್ಲಿ ಕುಹಕ ಇರಲಿಲ್ಲ. ನಿಜಕ್ಕೂ ಬೇಜಾರಾಗಿ ಕೇಳಿದ್ದಳು.

"ಅಲ್ಲೇ, ಮೋರಿ ಹತ್ರ" ಅಂದ ಚೇತನ್.

ಆ ರಾತ್ರಿ ಅವನು ಊಟ ಅರ್ಧಕ್ಕೇ ಬಿಟ್ಟು ಎದ್ದ. ಹೆಂಡತಿ ಸುಚಿತ್ರಾ ಏನಾಯಿತೆಂದಾಗ ತಲೆನೋವು ಎಂದ. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ, ಸಿಕ್ಕಿಬೀಳಲಿಲ್ಲ. ತನ್ನ ಒಂದು ಮಾತಿಗೆ ಆ ಹೆಂಗಸು ನಾಲ್ಕು ದಿನ ತನ್ನ ಕಣ್ಣು ಕಂಡದ್ದನ್ನೇ ಸುಳ್ಳೆಂದು ಒಪ್ಪಿಕೊಂಡು ಹೋದಳಲ್ಲ ಎಂಬುದು ಅವನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಶನಿವಾರ ಬೆಳಕು ಹರಿಯುವ ಮುಂಚೆಯೇ ಎದ್ದು ಬಬ್ಬೂರು ರಸ್ತೆಗೆ ಹೋದ. ಬೈಕನ್ನು ಬೇವಿನ ಮರದ ಮರೆಗೆ ನಿಲ್ಲಿಸಿ ಮೋರಿಯ ಕಟ್ಟೆಯ ಮೇಲೆ ಕುಳಿತ. ಜೇಬಿನಲ್ಲಿ ಒಂದು ನೋಟ್‌ಬುಕ್ಕು, ಪೆನ್ನು. ಒಳಗೆಲ್ಲೋ ಒಂದು ಕೆಟ್ಟ ಆಸೆ ಇತ್ತು: ಜನ ಕಡಿಮೆ ಇರಲಿ, ಹದಿನಾಲ್ಕಲ್ಲದಿದ್ದರೂ ಐವತ್ತು, ಅರವತ್ತಾದರೂ ಆಗಲಿ, ಹೆಂಗಸರು ಹೆಚ್ಚು ಹೇಳಿದರು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು.

ಆರು ಗಂಟೆಗೆ ಮೊದಲ ಗುಂಪು ಬಂತು. ಬುತ್ತಿಯ ಗಂಟು ಹಿಡಿದ ಏಳು ಹೆಂಗಸರು. ಹಿಂದೆಯೇ ಹಾಲಿನ ಕ್ಯಾನು ಕಟ್ಟಿದ ಎರಡು ಸೈಕಲ್ಲು. ಆಮೇಲೆ ಎಣಿಸುವುದೇ ಕಷ್ಟವಾಯಿತು. ಆರೂವರೆಯಿಂದ ಎಂಟರವರೆಗೆ ಸಾಲು ಕಡಿಯಲೇ ಇಲ್ಲ. ಕೂಲಿಯವರು, ಸೊಪ್ಪು ಹೊತ್ತವರು, ಮೊಮ್ಮಗುವನ್ನು ಅಂಗನವಾಡಿಗೆ ಬಿಡಲು ಹೊರಟ ಮುದುಕ, ಮೂರು ಮೂರು ಜನ ಅಕ್ಕಪಕ್ಕ ಸೈಕಲ್ ತುಳಿಯುವ ಸಮವಸ್ತ್ರದ ಹುಡುಗಿಯರು. ಹಿಂದಿನಿಂದ ಟಿಪ್ಪರ್ ಹಾರನ್ ಹೊಡೆದಾಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಾತು ನಿಲ್ಲಿಸದೆ, ತಲೆ ಎತ್ತದೆ, ಎಲ್ಲರೂ ಒಟ್ಟಿಗೆ ಎಡಕ್ಕೆ ಒಂದು ಹೆಜ್ಜೆ ಇಳಿಯುತ್ತಿದ್ದರು. ಅದು ದಾಟಿದ ಮೇಲೆ ಮತ್ತೆ ಒಟ್ಟಿಗೆ ಹತ್ತುತ್ತಿದ್ದರು. ವರ್ಷಾನುಗಟ್ಟಲೆ ಮಾಡಿ ಮಾಡಿ ಕಾಲಿಗೆ ಅಭ್ಯಾಸವಾಗಿತ್ತು. ಒಬ್ಬ ಹುಡುಗಿ ಸೈಕಲ್ ಇಳಿಸಲಾರದೆ ಕಾಲು ಊರಿದಾಗ ಟಿಪ್ಪರಿನ ಹಿಂಚಕ್ರ ಅವಳಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಚೇತನ್ ಎದ್ದು ನಿಂತುಬಿಟ್ಟ. ಹುಡುಗಿ ಪೆಡಲ್ ಸರಿಮಾಡಿಕೊಂಡು ಗೆಳತಿಯರನ್ನು ಹಿಡಿಯಲು ತುಳಿದಳು. ಅವಳ ಪಾಲಿಗೆ ಅಲ್ಲಿ ಏನೂ ನಡೆದಿರಲಿಲ್ಲ.

ಒಂಬತ್ತು ಗಂಟೆಗೆ ನೋಟ್‌ಬುಕ್ಕಿನಲ್ಲಿ ಇನ್ನೂರ ಎಪ್ಪತ್ತೊಂದು ಗೀಟುಗಳಿದ್ದವು. ಅರ್ಧ ದಿನವೂ ಆಗಿರಲಿಲ್ಲ.

"ಇವತ್ತೂ ಎಣಿಸಾಕೆ ಬಂದೀರಾ ಸಾರ್?"

ಚಂದ್ರಕ್ಕ ಟೀ ಲೋಟ ಹಿಡಿದು ನಿಂತಿದ್ದಳು. ಅವಳ ಅಂಗಡಿ ಅಲ್ಲಿಂದ ನೂರು ಹೆಜ್ಜೆ. ಅವನು ಲೋಟ ಈಸಿಕೊಂಡ. ಅವಳು ಕಟ್ಟೆಯ ಆ ತುದಿಯಲ್ಲಿ ಕುಳಿತಳು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕಬ್ಯಾಡ್ರಿ" ಅಂದಳು. "ಅವತ್ತು ವಾಪಸ್ ಬರೋವಾಗ ನಮ್ಮೋರೆಲ್ಲ ನನ್ನ ಬೈದ್ರು. ಅರ್ಧ ದಿನದ ಕೂಲಿ ಹೋತು, ಸುಳ್ಳು ಲೆಕ್ಕ ತಗಂಡು ದೊಡ್ಡೋರ ಮುಂದೆ ನಿಲ್ಲಿಸಿದೆ ಅಂತ. ನನಗೂ ನಾಚಿಕೆ ಆತು. ಮನೆಗೆ ಹೋಗಿ ಆ ಹಾಳೆ ಒಲೆಗೆ ಹಾಕಿಬಿಟ್ಟೆ. ನನಗೆ ಎಣಿಸಾಕೆ ಬರಲ್ಲ ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲ ನೋಡ್ರಿ."

ತಾನು ಪಡಬೇಕಾದ ನಾಚಿಕೆಯನ್ನು ಇವಳು ಎರಡು ದಿನದಿಂದ ಹೊತ್ತುಕೊಂಡಿದ್ದಾಳೆ.

"ನಿಮ್ಮ ಲೆಕ್ಕ ತಪ್ಪಲ್ಲ ಅಕ್ಕ" ಅಂದ. "ನಾನು ಇಲ್ಲಿ ಕೂತೇ ಇರಲಿಲ್ಲ. ಒಂದು ದಿನವೂ ಕೂತಿಲ್ಲ. ಎಣಿಸಬೇಕಾದ ಆಳನ್ನ ನನ್ನ ಮನೆಗೆ ನೀರು ಹಾಕಾಕೆ ಕಳಿಸಿದ್ದೆ. ಆ ಹದಿನಾಲ್ಕು ನಾನು ಸುಮ್ಮನೆ ಬರೆದಿದ್ದು."

ಒಂದು ಲಾರಿ ಹಾದುಹೋಯಿತು. ಚಂದ್ರಕ್ಕ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ: "ಹಂಗಾದ್ರೆ ನಾನು ಎಣಿಸಿದ್ದು ಸರಿನಾ?"

"ಸರಿ ಅಕ್ಕ."

"ಸರಿ ಅಂತ ನನ್ನ ಕಿವಿಯಾಗೆ ಹೇಳಿದ್ರೆ ಏನ್ ಬಂತು? ಹನ್ನೊಂದು ಜನ ಹೆಣ್ಮಕ್ಳು ಕೇಳಿಸ್ಕಂಡವ್ರೆ ನೀವು ಅವತ್ತು ಅಂದಿದ್ದನ್ನ. ಅಲ್ಲಿ ಹೋಗಿ ಹೇಳ್ರಿ." ಅವಳು ಎದ್ದಳು. ಅರ್ಧ ಟೀ ಉಳಿದಿದ್ದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು, ಉಳಿದದ್ದನ್ನು ನೆಲಕ್ಕೆ ಚೆಲ್ಲಿ ಹೋದಳು.

ಸಂಜೆಯವರೆಗೆ ಕುಳಿತು ಎಣಿಕೆ ಮುಗಿಸಿದ. ನಾನೂರ ತೊಂಬತ್ತಾರು ಜನ, ನೂರಾ ನಲವತ್ತೆರಡು ಸೈಕಲ್ಲು. ಮನೆಗೆ ಹೋಗಿ ಸುಚಿತ್ರಾಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. "ನನ್ನ ಕೇಳಿದ್ರೆ ನಾನೇ ಹೋಗಿ ನೀರು ಹಾಕಿ ಬರ್ತಿದ್ದೆನಲ್ರೀ" ಅಂದು ಒಳಗೆ ಹೋದಳು.

ಭಾನುವಾರ ಮೇಲಧಿಕಾರಿಗೆ ಫೋನ್ ಮಾಡಿದಾಗ ಅವರು ಗಾಬರಿಯಾದರು. "ಹುಚ್ಚಾ ನಿನಗೆ? ಟೈಪ್ ಮಾಡೋವಾಗ ತಪ್ಪಾಗಿದೆ ಅಂತ ತಿದ್ದುಪಡಿ ಹಾಳೆ ಕಳಿಸು. ಯಾರು ಕೇಳ್ತಾರೆ?" ಆ ದಾರಿ ಸುಲಭವಾಗಿತ್ತು. ಸೋಮವಾರ ಬೆಳಗ್ಗೆ ಶಾಸಕರನ್ನು ಕಾಣಲು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ ದಾರಿಯುದ್ದಕ್ಕೂ ನಿಜವನ್ನೇ ಹೇಳಬೇಕೆಂದು ಮನಸ್ಸಿನಲ್ಲಿ ಒತ್ತಿ ಒತ್ತಿ ಹೇಳಿಕೊಂಡಿದ್ದವನು, ಶಾಸಕರ ಎದುರು ನಿಂತ ಕೂಡಲೇ ಅಂದದ್ದು, "ಸಾರ್, ಆ ಬಬ್ಬೂರು ರಸ್ತೆ ಲೆಕ್ಕದಲ್ಲಿ ಟೈಪಿಂಗ್ ತಪ್ಪಾಗಿತ್ತು."

ಬೆಂಗಳೂರಿಗೆ ಹೊರಟು ನಿಂತಿದ್ದ ಶಾಸಕರು ತಿದ್ದಿದ ಹಾಳೆಯನ್ನು ನೋಡಿದರು. "ಮೂರು ದಿನದ್ದೂ ತಪ್ಪಾ? ಮೂರೂ ದಿನ ಹದಿನಾಲ್ಕೇ ಟೈಪ್ ಆತಾ?"

ಚೇತನ್ ಎರಡನೆಯ ಸಲವೂ ಅದೇ ಹಳ್ಳಕ್ಕೆ ಕಾಲಿಟ್ಟಿದ್ದ. ಆಮೇಲೆ ಎಲ್ಲವನ್ನೂ ಹೇಳಿದ: ಮೋಲ್ಡು, ಮುರುಗಪ್ಪ, ಉಪ್ಪಿಟ್ಟಿನ ತಟ್ಟೆ, ಮೋರಿಯ ಹತ್ತಿರ ಕುಳಿತಿದ್ದೆ ಎಂದ ಮಾತು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅವರನ್ನು ಹೊರಗೆ ಕಳಿಸಿ ಎಂದು ಕೇಳಲಿಲ್ಲ.

ಶಾಸಕರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಅಂದರು, "ಆ ಹೆಣ್ಮಗಳು ಹಾಳೆ ಸುತ್ತಿಕೊಂಡು ಹೋಗೋವಾಗ ನನಗೆ ಒಂದು ಘಳಿಗೆ ಅನುಮಾನ ಬಂದಿತ್ತು ಕಣ್ರೀ. ಆದ್ರೂ ನಿಮ್ಮನ್ನ ನಂಬಿದೆ. ನಿಮ್ಮ ಅಂಗಿ ಇಸ್ತ್ರಿ ಆಗಿತ್ತು, ಅವಳ ಕೈಯಾಗೆ ಮಸಿ ಇತ್ತು." ಮತ್ತೆ ಕನ್ನಡಕ ಹಾಕಿಕೊಂಡು, "ಸದನದಾಗೆ ನನಗೆ ಮೂರು ನಿಮಿಷ ಕೊಟ್ರೆ ಹೆಚ್ಚು. ಏನ್ ಹೇಳಬೇಕು ಅಂತ ಕೂತು ಬರೀರಿ. ನಿಮ್ಮ ಸುಳ್ಳು ಲೆಕ್ಕಾನೂ ಬರೀರಿ, ನಿಜದ ಲೆಕ್ಕಾನೂ ಬರೀರಿ. ನಡೆಯೋರನ್ನ ನಾವು ಎಣಿಸೋದೇ ಇಲ್ಲ, ಅದಕ್ಕೇ ಅವರಿಗೆ ದುಡ್ಡು ಇಡೋದಿಲ್ಲ ಅಂತ ಬರೀರಿ. ಸಹಿ ಹಾಕಿ. ನಿಮಗೆ ಏನಾಗುತ್ತೋ ಆಗಲಿ, ನಾನು ತಪ್ಪಿಸಾಕೆ ಹೋಗಲ್ಲ."

ಅವನು ಹೊರಗಿನ ಬೆಂಚಿನ ಮೇಲೆ ಕುಳಿತು ಎರಡು ಪುಟ ಬರೆದು, ಸಹಿ ಹಾಕಿ ಕೊಟ್ಟ.

ಅದೇ ಸಂಜೆ ಕೂಲಿ ಬಿಡುವ ಹೊತ್ತಿಗೆ ಚಂದ್ರಕ್ಕನ ಅಂಗಡಿಯ ಮುಂದೆ ಹೋಗಿ ನಿಂತ. ಹನ್ನೊಂದು ಜನರಲ್ಲಿ ಎಂಟು ಜನ ನಿಂತರು; ಮೂವರು ಹೊತ್ತಾಯಿತೆಂದು ಹೋಗಿಬಿಟ್ಟರು. ನಿಮ್ಮ ಲೆಕ್ಕ ಸರಿ ಇತ್ತು, ನನ್ನದು ಸುಳ್ಳು, ಶಾಸಕರ ಮುಂದೆ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದವನು ನಾನು ಎಂದು ಹೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತು ಅಷ್ಟೇ ಹೇಳಲಾಯಿತು.

ಯಾರೋ ಒಬ್ಬಳು ನಕ್ಕಳು. ಚಂದ್ರಕ್ಕನಿಂದ ಆಗಲೇ ಎಲ್ಲ ಕೇಳಿ ತಿಳಿದಿದ್ದ ದುರುಗಕ್ಕ ಮುಂದೆ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಮನೆ ಗ್ವಾಡೆ ತಣ್ಣಗಾತೇನಪ್ಪ?" ಅಂದಳು. ಇಷ್ಟು ದಿನ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅವರು. ಅವನು ತಲೆ ತಗ್ಗಿಸಿದ. ಹೆಂಗಸರು ಬುತ್ತಿ ಗಂಟು ಎತ್ತಿಕೊಂಡು ಊರಿನ ಕಡೆ ನಡೆದರು. ಚಂದ್ರಕ್ಕ ಒಲೆಯ ಬೂದಿ ಕೆದಕುತ್ತ ಕುಳಿತಿದ್ದಳು. ಆ ಸಂಜೆ ಟೀ ಬೇಕೇ ಎಂದು ಕೇಳಲಿಲ್ಲ.

ಇಲಾಖೆಯ ವಿಚಾರಣೆ ನಡೆಯಿತು. ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದರು, ಹೊಳಲ್ಕೆರೆಯ ಉಪವಿಭಾಗಕ್ಕೆ ವರ್ಗ ಮಾಡಿದರು. ಮುರುಗಪ್ಪನನ್ನೂ ಕರೆದು ಕೇಳಿದಾಗ ಆ ಮುದುಕ, "ಸಾಹೇಬ್ರು ಹೇಳಿದ್ರು, ಹೋದೆ" ಎಂದಷ್ಟೇ ಹೇಳಿದ. ಅವನಿಗೂ ಒಂದು ನೋಟಿಸು ಬಂತು. ಅದನ್ನು ತಪ್ಪಿಸಲು ಚೇತನ್ ಎರಡು ಸಲ ಅರ್ಜಿ ಬರೆದ; ಆಗಲಿಲ್ಲ. ಗೃಹಪ್ರವೇಶಕ್ಕೆ ಕರೆದಾಗ ಮುರುಗಪ್ಪ ಬರುತ್ತೇನೆಂದ, ಬರಲಿಲ್ಲ.

ಶಾಸಕರಿಗೆ ಸದನದಲ್ಲಿ ಸಿಕ್ಕಿದ್ದು ಎರಡೇ ನಿಮಿಷ. ಮಾತು ಮುಗಿಸುವ ಮುಂಚೆ ಗಂಟೆ ಬಾರಿಸಿದರಂತೆ. ಆದರೂ ಬಿಡದೆ ಮಂತ್ರಿಗಳ ಕಚೇರಿಗೆ ನಾಲ್ಕು ಸಲ ಓಡಾಡಿದರು. ಸೈಕಲ್ ಪಟ್ಟಿಗೆ ಹಣ ಸಿಗಲಿಲ್ಲ. ಫುಟ್‌ಪಾತ್ ಮಂಜೂರಾಯಿತು, ಅದೂ ರಸ್ತೆಯ ಒಂದೇ ಬದಿಗೆ. ಎಡಬದಿಯಲ್ಲಿ ವಿದ್ಯುತ್ ಕಂಬಗಳ ಸಾಲಿದ್ದುದರಿಂದ ಬಲಬದಿ ಎಂದು ತೀರ್ಮಾನವಾಯಿತು.

ಹೊಳಲ್ಕೆರೆಗೆ ಹೋಗುವ ಮುಂಚಿನ ವಾರ ಗುರುತು ಹಾಕುವ ಕೆಲಸ ಚೇತನನ ಪಾಲಿಗೇ ಬಂತು. ಇಬ್ಬರು ಆಳುಗಳು ಟೇಪು ಹಿಡಿದರು, ಅವನು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತ ಬಂದ. ಮೋರಿ ದಾಟಿದ ಮೇಲೆ ಟೇಪು ನೇರವಾಗಿ ಚಂದ್ರಕ್ಕನ ಅಂಗಡಿಯೊಳಗೆ ಹೋಯಿತು. ನಕ್ಷೆ ಮಾಡುವಾಗ ಅವನು ಅದನ್ನು ಗಮನಿಸಿರಲಿಲ್ಲ. ಗೆರೆ ಒಲೆಯ ಮೇಲೇ ಹಾಯುತ್ತಿತ್ತು. ನಾಲ್ಕು ತಗಡೂ ಫುಟ್‌ಪಾತಿನ ಪಾಲಾಗುತ್ತಿತ್ತು.

ಅವನು ಸುಣ್ಣದ ಬುಟ್ಟಿ ಕೆಳಗಿಟ್ಟ. "ಅಕ್ಕ, ಇಲ್ಲಿ ಒಂದು ಸ್ವಲ್ಪ ಬಳಸಿ ತಗೊಂಡು ಹೋಗೋಕೆ ಆಗುತ್ತೇನೋ ನೋಡ್ತೀನಿ."

"ಬಳಸಿದ್ರೆ ನಡೆಯೋರು ಮತ್ತೆ ರಸ್ತೆಗೆ ಇಳೀಬೇಕಾಗುತ್ತೆ" ಅಂದಳು ಚಂದ್ರಕ್ಕ. ಅವಳು ಆಗಲೇ ಸಾಮಾನು ಕಟ್ಟುತ್ತಿದ್ದಳು. ಲೋಟಗಳು ಒಂದು ಬಕೆಟ್ಟಿನಲ್ಲಿ, ಬಿಸ್ಕತ್ತಿನ ಡಬ್ಬಗಳು ಒಂದು ಚೀಲದಲ್ಲಿ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಶಾಸಕರ ಹತ್ರ ಹೋಗೋಕೆ ಮುಂಚೇನೇ ಹೆಜ್ಜೆ ಹಾಕಿ ನೋಡಿದ್ದೆ ಸಾರ್. ಈ ಕಡೆ ಬಂದ್ರೆ ನಂದು ಹೋಗುತ್ತೆ, ಆ ಕಡೆ ಬಂದ್ರೆ ಉಳಿಯುತ್ತೆ ಅಂತ. ಈ ಕಡೆ ಬಂತು."

"ಗೊತ್ತಿದ್ದೂ ಕೇಳಿದ್ರಾ?"

ಆ ಪ್ರಶ್ನೆ ಅರ್ಥವಾಗದವಳಂತೆ ಅವಳು ಅವನ ಮುಖ ನೋಡಿದಳು. "ಕೇಳದೆ? ದಿನಾ ಅವರನ್ನ ಎದುರಿಗೆ ನೋಡೋಳು ನಾನಲ್ವಾ."

ಕೆಳಗಿಟ್ಟ ಬುಟ್ಟಿಯನ್ನು ಎತ್ತಿಕೊಳ್ಳಲು ಚೇತನನಿಗೆ ಆಗಲಿಲ್ಲ. ಬಡ್ತಿ ಹೋಯಿತು, ವರ್ಗವಾಯಿತು, ತಪ್ಪಿಗೆ ತಕ್ಕುದನ್ನು ಅನುಭವಿಸಿದೆ ಎಂದು ಇತ್ತೀಚೆಗೆ ಅವನಿಗೆ ಒಳಗೊಳಗೇ ಒಂದು ಸಮಾಧಾನ ಹುಟ್ಟಿತ್ತು. ಅದು ಈಗ ಕಾಲಡಿಯಲ್ಲಿ ಕುಸಿಯಿತು.

ಚಂದ್ರಕ್ಕ ಒಲೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಕಲ್ಲುಗಳ ಕೆಳಗಿನ ನೆಲ ಸುಟ್ಟು ಕಪ್ಪಾಗಿತ್ತು. ಟೇಪು ಹಿಡಿದ ಆಳುಗಳು ಬಿಸಿಲಲ್ಲಿ ಕಾಯುತ್ತಿದ್ದರು.

"ಎಳೀರಿ ಸಾರ್" ಅಂದಳು, "ಹೊತ್ತಾಗುತ್ತೆ ಅವರಿಗೆ."